ಕೆಂಪು ಅಂಗೈ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಅನಸೂಯಕ್ಕ ಅಂತ ಒಬ್ಬರಿದ್ದರು.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಆಶ್ರಮಕ್ಕೆ ಬಂದರು. ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ಆಶ್ರಮದ ನೆಟ್‌ವರ್ಕನ್ನು ಪೂರ್ತಿ ಅವರೇ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಎಪ್ಪತ್ತೆರಡು.

ಅವರ ಶಿಷ್ಯ ಗವಿಸಿದ್ದ. ಪಟ್ಟಣದಲ್ಲಿ ಡಿಪ್ಲೊಮಾ ಮುಗಿಸಿ, "ಈ ಕೆಲಸ ನನಗೆ ಕಲಿಸಿಕೊಡಿ ಅಕ್ಕಾ" ಅಂತ ಬಂದು ವರ್ಷವಾಗಿತ್ತು. ಶ್ರದ್ಧೆಯುಳ್ಳವನು. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದ. ಆದರೆ ಕುರ್ಚಿ ಬಿಟ್ಟು ಏಳುವುದೆಂದರೆ ಅವನಿಗೆ ಆಗದು.

ಆಶ್ರಮಕ್ಕೆ ಇದ್ದದ್ದು ಒಂದೇ ಇಂಟರ್ನೆಟ್ ಲೈನು, ಅದೂ ಸಣ್ಣದು. ಕಚೇರಿ, ಗ್ರಂಥಾಲಯ, ಹೊಲಿಗೆ ಶಾಲೆ, ಮೂರಕ್ಕೂ ಅದೇ ಆಗಬೇಕು. ಯಾರು ಏನೇ ತೆರೆಯಲು ಹೋದರೂ ಅವರ ಕೋರಿಕೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿದ್ದ ಒಂದು ಯಂತ್ರವನ್ನು ದಾಟಿಯೇ ಹೊರಗೆ ಹೋಗಬೇಕಿತ್ತು. ಅದೇ ಪ್ರಾಕ್ಸಿ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ನಿಯಮಗಳ ಪಟ್ಟಿ ಅದರೊಳಗಿತ್ತು.

ಹೊಲಿಗೆ ಶಾಲೆಯಲ್ಲಿ ನಲವತ್ತು ಹೆಣ್ಣುಮಕ್ಕಳು. ಎಲ್ಲರೂ ಕಿವಿ ಕೇಳದವರು. ಆರು ತಿಂಗಳು ಆಶ್ರಮದಲ್ಲೇ ಇದ್ದು ಹೊಲಿಗೆ, ಕಸೂತಿ ಕಲಿತು ಊರಿಗೆ ಮರಳುತ್ತಿದ್ದರು.

ಆ ವರ್ಷ ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ತಂಗಿಯ ಊರಿಗೆ ಹೊರಟರು.

"ಹತ್ತು ದಿನ ಬರೋದಿಲ್ಲ. ನೀನೇ ನೋಡಿಕೋ" ಅಂದರು.

"ಏನಾದರೂ ತೊಂದರೆ ಬಂದರೆ?"

"ಬಂದರೆ ಕಾಣುತ್ತೆ. ನೋಡು."

ಅಕ್ಕ ಹೋದ ಮರುದಿನವೇ ತೊಂದರೆ ಬಂತು. ಕಚೇರಿಯವರು ಬಂದು ನಿಂತರು.

"ಮಧ್ಯಾಹ್ನ ಆದರೆ ಸಾಕು, ಲೈನು ಸತ್ತೇ ಹೋಗುತ್ತೆ. ಒಂದು ವರದಿ ಕಳಿಸೋಕೆ ಒಂದು ಗಂಟೆ ಬೇಕು. ಗ್ರಂಥಾಲಯದಲ್ಲಿ ಯಾರೋ ಸಿನಿಮಾ ನೋಡ್ತಾರಂತೆ. ಏನಾದರೂ ಮಾಡಪ್ಪ."

ಗವಿಸಿದ್ದ ಪಟ್ಟಿಯ ಮೇಲ್ತುದಿಯಲ್ಲಿ ಒಂದು ಸಾಲು ಬರೆದ. ವಿಳಾಸದಲ್ಲಿ ವಿಡಿಯೊ ಅನ್ನುವ ಪದವಿದ್ದರೆ, ತಡೆ.

ತಡೆದಾಗ ತೆರೆಯ ಮೇಲೆ ಏನಾದರೂ ಕಾಣಬೇಕಲ್ಲ? ಒಂದು ಚಿತ್ರ ಹುಡುಕಿ ಹಾಕಿದ. ಬಿಳಿ ಪುಟದ ನಡುವೆ ಎತ್ತಿ ಹಿಡಿದ ದೊಡ್ಡ ಕೆಂಪು ಅಂಗೈ. ಕೆಳಗೆ ಸಣ್ಣ ಅಕ್ಷರದಲ್ಲಿ "ಈ ಪುಟಕ್ಕೆ ಪ್ರವೇಶವಿಲ್ಲ".

ಅಂದು ಮಧ್ಯಾಹ್ನ ಲೈನು ಕುದುರೆಯ ಹಾಗೆ ಓಡಿತು. ಕಚೇರಿಯವರು ಅವನ ಬೆನ್ನು ತಟ್ಟಿ ಹೋದರು. ಅಕ್ಕ ಬಂದಾಗ ಇದನ್ನು ತೋರಿಸಬೇಕು ಅಂದುಕೊಂಡ ಗವಿಸಿದ್ದ.

ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಮಧ್ಯಾಹ್ನ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ಗವಿಸಿದ್ದ ಅವರ ಚೀಲ ಇಳಿಸಿ, ನೀರು ಕೊಟ್ಟು, ನಿಯಮದ ಸಾಲು ತೋರಿಸಿ, ಆಗಿದ್ದನ್ನೆಲ್ಲ ಹೇಳಿದ.

ಅಕ್ಕ ಹೊಗಳಲಿಲ್ಲ, ಬೈಯಲೂ ಇಲ್ಲ.

"ಲಾಗ್ ನೋಡಿದೆಯಾ?" ಅಂದರು.

ಯಾವ ಕಂಪ್ಯೂಟರಿನಿಂದ, ಯಾವ ಹೊತ್ತಿಗೆ, ಯಾವ ಕೋರಿಕೆ ಬಂತು, ಅದನ್ನು ಬಿಟ್ಟೆವೋ ತಡೆದೆವೋ ಅಂತ ಯಂತ್ರ ತಾನೇ ಬರೆದಿಡುವ ದಾಖಲೆಗೆ ಲಾಗ್ ಅಂತ ಹೆಸರು.

"ದಿನಾ ನೋಡಿದೆ ಅಕ್ಕಾ. ಎರಡೇ ದಿನಕ್ಕೆ ಎಲ್ಲರೂ ಸುಮ್ಮನಾದರು. ಒಬ್ಬರು ಮಾತ್ರ ಬಿಡಲೇ ಇಲ್ಲ. ಗ್ರಂಥಾಲಯದ ಏಳನೇ ನಂಬರಿನ ಕಂಪ್ಯೂಟರ್. ಸರಿಯಾಗಿ ಮೂರು ಗಂಟೆಗೆ ಶುರು. ತಡೆದರೆ ಮತ್ತೆ ಒತ್ತೋದು, ಮತ್ತೆ ಒತ್ತೋದು. ಒಂದೇ ದಿನ ಇಪ್ಪತ್ತಾರು ಸಲ! ಎಂಥಾ ಹಟ ಅಂತೀರಿ."

"ಯಾರದು?"

"ಯಾರೋ ಸಿನಿಮಾ ಹುಚ್ಚಿನವರು."

"ಹೆಸರು?"

"ಗೊತ್ತಿಲ್ಲ."

"ಎದ್ದು ಹೋಗಿ ನೋಡಿದೆಯಾ?"

ಗವಿಸಿದ್ದ ಕುರ್ಚಿಯಲ್ಲೇ ಸರಿದು ಕೂತ.

ಅಕ್ಕ ಗಡಿಯಾರ ನೋಡಿದರು. ಮೂರಕ್ಕೆ ಐದು ನಿಮಿಷ ಇತ್ತು.

"ಹೋಗು. ಆ ಏಳನೇ ಕಂಪ್ಯೂಟರಿನವರನ್ನು ನಾನು ಕರೀತಿದ್ದೀನಿ ಅಂತ ಹೇಳಿ ಕರ್ಕೊಂಡು ಬಾ."

ಗವಿಸಿದ್ದ ಗ್ರಂಥಾಲಯಕ್ಕೆ ಹೋದ. ಕಂಪ್ಯೂಟರುಗಳನ್ನು ಎಣಿಸಿದ. ಆರು. ಇನ್ನೊಂದು ಸಲ ಎಣಿಸಿದ. ಆರೇ. ಏಳನೆಯದು ಇದ್ದ ಜಾಗದಲ್ಲಿ ಒಂದು ಖಾಲಿ ಮೇಜು, ಅದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟು.

ತಿರುಗಿ ಬಂದ. "ಏಳನೆಯದು ಅಲ್ಲಿ ಇಲ್ಲವೇ ಇಲ್ಲ ಅಕ್ಕಾ."

"ಇಲ್ಲದ ಕಂಪ್ಯೂಟರಿನಿಂದ ಒಂಬತ್ತು ದಿನ ಕೇಳಿದವರು ಯಾರು ಹಾಗಾದರೆ?"

ಅವನು ಮತ್ತೆ ಹೊರಟ. ಈ ಸಲ ಕಚೇರಿ ನೋಡಿದ, ಅತಿಥಿಗಳ ಕೋಣೆ ನೋಡಿದ. ಕೊನೆಗೆ ಹೊಲಿಗೆ ಶಾಲೆಯ ಬಾಗಿಲಲ್ಲಿ ನಿಂತ.

ಚಹಾದ ಹೊತ್ತು. ಹೊಲಿಗೆ ಯಂತ್ರಗಳು ನಿಂತಿದ್ದವು. ಅವನು ಹಿಂದೆಲ್ಲ ಆ ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ಕಂಡದ್ದುಂಟು. ಆಗ ನಲವತ್ತು ಜನರ ಕೈಗಳು ಗಾಳಿಯಲ್ಲಿ ಹಕ್ಕಿಗಳಂತೆ ಹಾರಾಡುತ್ತಿದ್ದವು. ನಗು, ಜಗಳ, ಚಾಡಿ, ಎಲ್ಲವೂ ಕೈಯಲ್ಲೇ. ಇವತ್ತು ಕೈಗಳೆಲ್ಲ ಮಡಿಲಲ್ಲಿ ಬಿದ್ದಿದ್ದವು. ಕೆಲವರು ಚಹಾ ಆರಿದ್ದೂ ತಿಳಿಯದೆ ಲೋಟ ಹಿಡಿದು ಕೂತಿದ್ದರು.

ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಒಬ್ಬಳು. ಹುಲಿಗೆಮ್ಮ. ಇಪ್ಪತ್ನಾಲ್ಕು, ಇಪ್ಪತ್ತೈದರ ಹೆಣ್ಣುಮಗಳು. ತಲೆ ಬಾಚಿ, ಹೂ ಮುಡಿದು, ಮುಖ ತೊಳೆದು ಕೂತಿದ್ದಳು. ಗುಂಡಿ ಒತ್ತಿದಳು. ತೆರೆಯ ಮೇಲೆ ಕೆಂಪು ಅಂಗೈ ಎದ್ದಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮತ್ತೆ ಒತ್ತಿದಳು. ಕೆಂಪು ಅಂಗೈ.

ಆ ಕಂಪ್ಯೂಟರಿನ ಬದಿಗೆ ಅಂಟಿಸಿದ್ದ ಚೀಟಿಯಲ್ಲಿ 7 ಅಂತ ಇತ್ತು.

ಗವಿಸಿದ್ದ ಅವಳನ್ನು ಕರೆಯಲಿಲ್ಲ. ಸುಮ್ಮನೆ ಹಿಂದಿರುಗಿದ.

"ಅವರಿಗೆ ಮನೆಯವರ ಜೊತೆ ಮಾತು ಅಂದರೆ ವಿಡಿಯೊ ಕರೆಯೇ. ನನಗೆ ಹೊಳೆಯಲೇ ಇಲ್ಲ ಅಕ್ಕಾ" ಅಂದ.

"ಹುಲಿಗೆಮ್ಮ ಮೂರು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಾಳೆ. ಅವರ ಮನೆಯಲ್ಲಿ ಕೈಯಲ್ಲಿ ಆಡೋ ಮಾತು ಅವರೇ ಕಟ್ಟಿಕೊಂಡದ್ದು, ಹೊರಗಿನವರಿಗೆ ತಿಳಿಯೋದಿಲ್ಲ. ದಿನಾ ಮೂರು ಗಂಟೆಗೆ ಮಗುವನ್ನು ನೋಡ್ತಾಳೆ" ಅಂದರು ಅಕ್ಕ. ಆಮೇಲೆ ಸ್ವಲ್ಪ ತಡೆದು, "ನೋಡ್ತಿದ್ದಳು" ಅಂದರು.

ಗವಿಸಿದ್ದ ಕುರ್ಚಿ ಎಳೆದುಕೊಂಡು ಕೂತ. "ಈಗಲೇ ಸರಿ ಮಾಡ್ತೀನಿ."

ಪಟ್ಟಿಯ ಕೊನೆಗೆ ಹೋಗಿ ಒಂದು ಸಾಲು ಸೇರಿಸಿದ. ಹೊಲಿಗೆ ಶಾಲೆಯಿಂದ ವಿಡಿಯೊ ಕರೆ ಬಂದರೆ, ಬಿಡು.

ಓಡಿ ಹೋಗಿ ನೋಡಿದ. ಕೆಂಪು ಅಂಗೈ.

ಕರೆಯ ವಿಳಾಸವನ್ನು ಪೂರ್ತಿ ಬರೆದು ಇನ್ನೊಂದು ಸಾಲು ಹಾಕಿದ. ಆಗಲಿಲ್ಲ. ಮೂರರಿಂದ ಐದರವರೆಗೆ ಬಿಡು ಅಂತ ಹಾಕಿದ. ಆಗಲಿಲ್ಲ. ಸಂಜೆಯಾಗುವಷ್ಟರಲ್ಲಿ ಪಟ್ಟಿಯ ಕೊನೆಯಲ್ಲಿ ಬಿಡು, ಬಿಡು ಅಂತ ಹನ್ನೊಂದು ಸಾಲು ಬೆಳೆದಿದ್ದವು. ಅಂಗೈ ಮಾತ್ರ ಕದಲಲಿಲ್ಲ.

ಅಕ್ಕ ಪಕ್ಕದಲ್ಲಿ ಕೂತು ಅಡುಗೆಮನೆಯವರು ಕೊಟ್ಟ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಹನ್ನೊಂದು ಸಲ ಅನುಮತಿ ಕೊಟ್ಟೆ ಅಕ್ಕಾ. ಯಂತ್ರದ್ದೇ ಏನೋ ದೋಷ."

"ಕೊಟ್ಟದ್ದು ಸಿಕ್ಕಿತಾ?"

"ಬರೆದಿದ್ದೀನಲ್ಲ!"

"ಬರೆದಿದ್ದೀಯ. ಸಿಕ್ಕಿತಾ ಅಂತ ಕೇಳಿದೆ."

ಗವಿಸಿದ್ದನಿಗೆ ಅದು ಅರ್ಥವಾಗಲಿಲ್ಲ. ಅವನಿಗೆ ದಣಿವಾಗಿತ್ತು. "ನಾಳೆ ನೋಡೋಣ ಬಿಡಿ. ಒಂಬತ್ತು ದಿನ ಕಳೆದಿದೆ, ಇನ್ನೊಂದು ದಿನಕ್ಕೆ ಏನಾಗುತ್ತೆ?"

ಅಕ್ಕ ಬಿಡಿಸಿದ ಸೊಪ್ಪನ್ನು ಅಡುಗೆಮನೆಗೆ ಕೊಟ್ಟು ಬಂದರು.

ಊಟದ ಗಂಟೆ ಹೊಡೆಯಿತು. ಪಂಕ್ತಿಯಲ್ಲಿ ಕೂತ ಮೇಲೆ ಅಕ್ಕ ಹೆಗಲ ಮೇಲಿದ್ದ ಟವೆಲ್ಲು ತೆಗೆದರು. ಗವಿಸಿದ್ದನ ಎರಡು ಕೈಗಳನ್ನೂ ಜೋಡಿಸಿ ಮೆಲ್ಲಗೆ ಕಟ್ಟಿದರು. ಅವನು ಏನೋ ಕೇಳಲು ಬಾಯಿ ತೆರೆದ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಎಲೆಗೆ ಅನ್ನ ಬಂತು. ಸಾಕು ಅನ್ನಲು ಅವನಿಗೆ ಬಾಯಿಲ್ಲ, ಅಡ್ಡ ಹಿಡಿಯಲು ಕೈಯಿಲ್ಲ. ಬಡಿಸುವವರು ಇನ್ನೊಂದು ಸೌಟು ಹಾಕಿದರು. ಸಾರು ಹರಿದು ಎಲೆ ದಾಟಿ ಅವನ ಪಂಚೆಗೆ ಬಂತು. ಎದುರಿಗೆ ಕೂತವರು ಅವನನ್ನು ನೋಡಿ, ಏನೋ ವ್ರತವಿರಬೇಕು ಅಂದುಕೊಂಡು ಊಟ ಮುಂದುವರಿಸಿದರು. ಇಷ್ಟೊಂದು ಜನರ ನಡುವೆ ಒಬ್ಬರಿಗೂ ಒಂದು ಮಾತು ಮುಟ್ಟಿಸಲಾರದೆ ಅವನು ಕೂತಿದ್ದ. ಅವನ ಕಣ್ಣು ತುಂಬಿತು.

ಅಕ್ಕ ಗಂಟು ಬಿಚ್ಚಿದರು. ತಮ್ಮ ಎಲೆಯಲ್ಲಿದ್ದ ಹೋಳಿಗೆಯನ್ನು ಅವನ ಎಲೆಗೆ ಹಾಕಿದರು.

"ಊಟ ಮಾಡು ತಮ್ಮಾ. ಎಷ್ಟು ಹೊತ್ತಾಯ್ತು ಗೊತ್ತಾ?"

"ಬಹಳ ಹೊತ್ತು."

"ನಾಲ್ಕು ನಿಮಿಷ" ಅಂದರು ಅಕ್ಕ.

ಮರುದಿನ ಬೆಳಗ್ಗೆ ಗವಿಸಿದ್ದ ಅಕ್ಕನನ್ನು ಕೇಳದೆಯೇ ಒಂದು ಕೆಲಸ ಮಾಡಿದ. ನಿಯಮಗಳ ಪಟ್ಟಿಯನ್ನು ಬದಿಗೆ ಸರಿಸಿಬಿಟ್ಟ. ತಡೆಯೂ ಬೇಡ, ಏನೂ ಬೇಡ, ಎಲ್ಲರಿಗೂ ಎಲ್ಲವೂ ಇರಲಿ ಅಂತ ತೆರೆದಿಟ್ಟ. ಹೊಲಿಗೆ ಶಾಲೆಗೆ ಹೋಗಿ ಏಳನೇ ಕಂಪ್ಯೂಟರಿನಲ್ಲಿ ನೋಡಿದ. ಅಂಗೈ ಇಲ್ಲ. ಅವನ ಎದೆ ಹಗುರಾಯಿತು.

ಸುದ್ದಿ ಗ್ರಂಥಾಲಯಕ್ಕೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂದು ಕ್ರಿಕೆಟ್ ಪಂದ್ಯ ಬೇರೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಆರೂ ಕಂಪ್ಯೂಟರುಗಳ ಮುಂದೆ ಜನ.

ಮೂರು ಗಂಟೆಗೆ ಹುಲಿಗೆಮ್ಮ ಬಂದು ಕೂತಳು. ಗುಂಡಿ ಒತ್ತಿದಳು. ಅಂಗೈ ಬರಲಿಲ್ಲ! ಅವಳು ಕುರ್ಚಿಯ ತುದಿಗೆ ಸರಿದಳು. ಗವಿಸಿದ್ದ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ.

ತೆರೆಯ ಮೇಲೆ ಒಂದು ಮನೆಯ ಗೋಡೆ ಕಾಣಿಸಿತು. ಮಗುವಿನ ಮುಖ ಬಂತು. ಮಗು ಕೈ ಎತ್ತಿತು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಲೈನು ತುಂಬಿ ಹೋಗಿತ್ತು.

ಮಗುವಿನ ಪುಟ್ಟ ಅಂಗೈ ತಾಯಿಯ ಕಡೆಗೆ ಚಾಚಿ ಹಾಗೆಯೇ ನಿಂತಿತು. ಒಂದು ನಿಮಿಷ. ಎರಡು ನಿಮಿಷ. ಆಮೇಲೆ ತೆರೆ ಬೂದು ಬಣ್ಣಕ್ಕೆ ತಿರುಗಿತು.

ಹುಲಿಗೆಮ್ಮ ಎದ್ದಳು. ಯಾರನ್ನೂ ನೋಡದೆ ಮಲಗುವ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಅರ್ಧ ಕಸೂತಿಯಾದ ಒಂದು ಲಂಗವಿತ್ತು. ಅದನ್ನು ಮಡಿಸಿ ಹಾಸಿಗೆಯ ಮೇಲೆ ಬಿಟ್ಟಳು.

ಗವಿಸಿದ್ದ ಓಡಿ ಹೋಗಿ ಅಕ್ಕನನ್ನು ಕರೆತಂದ. ಅಕ್ಕನಿಗೆ ಕೈಮಾತು ಅಷ್ಟಿಷ್ಟು ಬರುತ್ತಿತ್ತು. ಹುಲಿಗೆಮ್ಮನ ಎದುರು ಕೂತು ಕೇಳಿದರು. ಅವಳು ಕೈಯಾಡಿಸಿದಳು. ಮೊದಲು ನಿಧಾನವಾಗಿ, ಆಮೇಲೆ ಬಲು ವೇಗವಾಗಿ.

"ಏನು ಹೇಳ್ತಿದ್ದಾಳೆ ಅಕ್ಕಾ?"

"ಐದೂವರೆ ಬಸ್ಸಿಗೆ ಹೋಗ್ತಾಳಂತೆ. ಇಲ್ಲಿ ಕಲಿಯೋಕೆ ಬಂದದ್ದು ಅತ್ತೆಗೆ ಇಷ್ಟವಿರಲಿಲ್ಲವಂತೆ. ಹತ್ತು ದಿನದಿಂದ ಮನೆಯವರು ಕೈ ತೋರಿಸ್ತಿದ್ದಾರಂತೆ. ಬರಬೇಡ, ಸಾಕು ಅಂತ."

"ಮನೆಯವರಾ?"

"ಕೆಂಪು ಕೈ. ಮೊದಲು ಅತ್ತೆ ಅಂದುಕೊಂಡಳಂತೆ. ಇವತ್ತು ಮಗುವೂ ಕೈ ತೋರಿಸಿತಂತೆ."

ಗವಿಸಿದ್ದ ಹುಲಿಗೆಮ್ಮನ ಕಡೆ ತಿರುಗಿದ.

ಅವಳಿಗೆ ಓದು ಬಾರದು. ಅಂಗೈಯ ಕೆಳಗಿದ್ದ ಸಣ್ಣ ಅಕ್ಷರಗಳು ಅವಳ ಪಾಲಿಗೆ ಬರೀ ಗೀಟು. ಆದರೆ ಕೈ ಎಂದರೆ ಅವಳಿಗೆ ಚಿತ್ರವಲ್ಲ, ಮಾತು. ಹತ್ತು ದಿನ, ದಿನಕ್ಕೆ ಇಪ್ಪತ್ತು ಸಲ, ಅವಳು ಆ ಮಾತನ್ನು ಕೇಳಿಸಿಕೊಂಡಿದ್ದಳು. ಮತ್ತೆ ಮತ್ತೆ ಒತ್ತಿದ್ದು ಹಟದಿಂದಲ್ಲ. ಈ ಸಲವಾದರೂ ಮನೆಯವರ ಮನಸ್ಸು ಬದಲಾಗಿರಬಹುದು ಅಂತ.

"ಆ ಕೈ ಮನೆಯವರದ್ದಲ್ಲ. ನಾನು ಹಾಕಿದ್ದು! ಹೇಳಿ ಅಕ್ಕಾ ಅವಳಿಗೆ."

"ನೀನು ಹಾಕಿದ್ದು. ನೀನೇ ಹೇಳು."

"ನನಗೆ ಆ ಭಾಷೆ ಬರೋದಿಲ್ಲ."

ಅಕ್ಕ ಸುಮ್ಮನೆ ಸರಿದು ಜಾಗ ಬಿಟ್ಟರು.

ಗವಿಸಿದ್ದ ಹುಲಿಗೆಮ್ಮನ ಎದುರು ನೆಲದ ಮೇಲೆ ಕೂತ. ತನ್ನ ಫೋನಿನಲ್ಲಿ ಆ ಕೆಂಪು ಅಂಗೈಯ ಚಿತ್ರ ತೆಗೆದು ತೋರಿಸಿದ. ಅವಳು ಮುಖ ತಿರುಗಿಸಿದಳು. ಅವನು ಚಿತ್ರ ತೋರಿಸಿ, ತನ್ನ ಎದೆ ಮುಟ್ಟಿಕೊಂಡ. ಮತ್ತೆ ಚಿತ್ರ, ಮತ್ತೆ ಎದೆ. ಅವಳ ಚೀಲ ತೋರಿಸಿ, ಊರಿನ ದಿಕ್ಕಿಗೆ ಕೈ ಮಾಡಿ, ಇಲ್ಲ ಇಲ್ಲ ಅಂತ ತಲೆಯಾಡಿಸಿದ. ಕೊನೆಗೆ ಏನೂ ತೋಚದೆ ತನ್ನ ಬಲಗೈಯನ್ನು ಚಿತ್ರದ ಪಕ್ಕಕ್ಕೆ ಹಿಡಿದ.

ಹುಲಿಗೆಮ್ಮ ಅವನ ಮಣಿಕಟ್ಟು ಹಿಡಿದಳು. ಚಿತ್ರ ನೋಡಿದಳು. ಅವನ ಅಂಗೈ ನೋಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವನ ಮುಖ ನೋಡಿದಳು.

ಆಮೇಲೆ ಅವನ ಕೈಯನ್ನು ಒಂದೇ ಏಟಿಗೆ ಪಕ್ಕಕ್ಕೆ ತಳ್ಳಿದಳು. ಮುಖ ಮುಚ್ಚಿಕೊಂಡು ಅತ್ತಳು.

ಅತ್ತು ಮುಗಿದ ಮೇಲೆ ಅಕ್ಕನಿಗೆ ಏನೋ ಹೇಳಿದಳು. ಚೀಲವನ್ನು ಮಾತ್ರ ತೊಡೆಯ ಮೇಲಿಂದ ಇಳಿಸಲಿಲ್ಲ.

"ಬಸ್ಸಿನ ಹೊತ್ತಿನವರೆಗೆ ಕಾಯ್ತಾಳಂತೆ. ಮಗುವನ್ನು ಕಣ್ಣಾರೆ ನೋಡಿದರೆ ನಂಬ್ತಾಳಂತೆ" ಅಂದರು ಅಕ್ಕ.

ಗಂಟೆ ನಾಲ್ಕಾಗಿತ್ತು.

ಇಬ್ಬರೂ ಯಂತ್ರದ ಕೋಣೆಗೆ ಬಂದರು.

"ಹಳೆಯ ಪಟ್ಟಿ ಮತ್ತೆ ಹಾಕು" ಅಂದರು ಅಕ್ಕ.

"ಬೇಡ ಅಕ್ಕಾ. ಆ ಪಟ್ಟಿ ನೋಡೋಕೇ ಹೆದರಿಕೆ."

"ತಡೆ ತೆಗೆದೆ. ಅವಳಿಗೆ ಮಗು ಸಿಕ್ಕಿತಾ?"

"ಇಲ್ಲ."

"ಹಾಗಾದರೆ ಹಾಕು."

ಹಾಕಿದ.

"ಈಗ ನೀನು ಯಂತ್ರ. ನಾನು ಹುಲಿಗೆಮ್ಮ. ಹೊಲಿಗೆ ಶಾಲೆಯಿಂದ ಬಂದಿದ್ದೀನಿ, ವಿಡಿಯೊ ಕರೆ ಬೇಕು. ನಿನ್ನ ಪಟ್ಟಿ ಏನು ಹೇಳುತ್ತೆ? ಮೇಲಿನಿಂದ ಓದು. ಗಟ್ಟಿಯಾಗಿ ಓದು."

"ವಿಳಾಸದಲ್ಲಿ ವಿಡಿಯೊ ಅನ್ನೋ ಪದವಿದ್ದರೆ, ತಡೆ."

"ನನ್ನ ವಿಳಾಸದಲ್ಲಿ ಆ ಪದ ಇದೆಯಾ?"

"ಇದೆ."

"ಆಯ್ತು, ನಾನು ಹೊರಟೆ."

ಅಕ್ಕ ನಿಜವಾಗಿಯೂ ಎದ್ದರು. ಸೆರಗು ಕೊಡವಿಕೊಂಡು ಬಾಗಿಲ ಕಡೆ ನಡೆದರು.

"ನಿಲ್ಲಿ ಅಕ್ಕಾ, ಇನ್ನೂ ಓದೋದಿದೆ. ಕೆಳಗೆ ನಿಮ್ಮನ್ನು ಬಿಡು ಅಂತ ಹನ್ನೊಂದು ಸಾಲು..."

ಅಕ್ಕ ಹೊಸಿಲ ಆಚೆ ಹೋಗಿಯಾಗಿತ್ತು.

ಗವಿಸಿದ್ದನ ಮಾತು ಅಲ್ಲೇ ನಿಂತಿತು. ತೆರೆಯ ಕಡೆ ತಿರುಗಿದ. ಯಂತ್ರ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಯಾವ ಸಾಲು ಮೊದಲು ಹೊಂದಿತೋ ಅಲ್ಲಿಗೇ ನಿಲ್ಲುತ್ತದೆ. ಅದರ ಕೆಳಗೆ ಏನಿದ್ದರೂ ನೋಡುವುದಿಲ್ಲ. ಅದು ಅವನಿಗೆ ಮೊದಲ ವಾರವೇ ಕಲಿಸಿದ ಪಾಠ. ಡಿಪ್ಲೊಮಾ ಪರೀಕ್ಷೆಯಲ್ಲೂ ಬರೆದು ಅಂಕವನ್ನೂ ತೆಗೆದುಕೊಂಡಿದ್ದ. ಅವನ ಹನ್ನೊಂದು ಅನುಮತಿಗಳಲ್ಲಿ ಒಂದನ್ನೂ ಯಂತ್ರ ಒಂದು ಸಲವಾದರೂ ಓದಿರಲಿಲ್ಲ.

"ತಿರುಗಿ ಬನ್ನಿ ಅಕ್ಕಾ!" ಅಂತ ಕೂಗಿದ.

ಹತ್ತು ಸಾಲು ಅಳಿಸಿದ. ಒಂದೇ ಒಂದನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟ. ಹೊಲಿಗೆ ಶಾಲೆಯಿಂದ ವಿಡಿಯೊ ಕರೆ ಬಂದರೆ, ಬಿಡು. ಅದರ ಕೆಳಗೆ ತಡೆಯ ಸಾಲು. ಗ್ರಂಥಾಲಯದ ಸಿನಿಮಾ, ಕ್ರಿಕೆಟ್ ನಿಂತವು. ಲೈನು ಖಾಲಿಯಾಯಿತು.

"ಆಯಿತು ಅಕ್ಕಾ. ಇಲ್ಲಿಂದಲೇ ಪರೀಕ್ಷೆ ಮಾಡಿದೆ, ಕರೆ ಹೋಗ್ತಿದೆ."

"ನಿನ್ನ ಕಂಪ್ಯೂಟರಿಗೆ ಯಾವತ್ತಾದರೂ ತಡೆ ಇತ್ತಾ?"

ಇರಲಿಲ್ಲ. ನೋಡಿಕೊಳ್ಳುವವರ ಕಂಪ್ಯೂಟರಿನ ಕೋರಿಕೆ ಪಟ್ಟಿಯ ಮುಂದೆ ಬಾರದ ಹಾಗೆ ಅವನೇ ಮಾಡಿಕೊಂಡಿದ್ದ. ಒಂಬತ್ತು ದಿನ ಅವನು ಆ ಅಂಗೈಯನ್ನು ಒಮ್ಮೆಯೂ ಕಂಡಿರಲಿಲ್ಲ.

ಎದ್ದು ಓಡಿದ. ಹೊಲಿಗೆ ಶಾಲೆಯ ಕಿಟಕಿಯ ಪಕ್ಕ ಕೂತು ಒತ್ತಿದ.

ಕೆಂಪು ಅಂಗೈ.

ನಾಲ್ಕೂ ಮುಕ್ಕಾಲು. ಹುಲಿಗೆಮ್ಮ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಈ ಸಲ ಗವಿಸಿದ್ದ ಹೊಸ ಸಾಲು ಬರೆಯಲು ಓಡಲಿಲ್ಲ. ಅಲ್ಲೇ ಕೂತು ಯೋಚಿಸಿದ. ನಿಯಮ ಮೇಲೆಯೇ ಇದೆ. ಹೊಲಿಗೆ ಶಾಲೆಗೆ ಬಿಡು ಅಂದಿದೆ. ನಾನು ಹೊಲಿಗೆ ಶಾಲೆಯಲ್ಲೇ ಕೂತಿದ್ದೇನೆ. ಅದು ನನಗೆ ಗೊತ್ತು. ಯಂತ್ರಕ್ಕೆ ಗೊತ್ತಾ?

ಕಂಪ್ಯೂಟರಿನ ಬದಿಯ ಚೀಟಿಯ ಮೇಲೆ ಅವನ ಕಣ್ಣು ಬಿತ್ತು. ಏಳು. ಲಾಗ್ ಮೊದಲಿನಿಂದಲೂ ಹೇಳುತ್ತಿದ್ದದ್ದು ಅದನ್ನೇ. ಗ್ರಂಥಾಲಯ, ಏಳು.

ಹಿಂದೆ ನಿಂತಿದ್ದ ಅಕ್ಕನ ಕಡೆ ತಿರುಗಿದ. "ಇದು ಇಲ್ಲಿಗೆ ಬಂದದ್ದು ಯಾವಾಗ?"

"ಹೋದ ತಿಂಗಳು. ನಾನೇ ತರಿಸಿ ಇಡಿಸಿದೆ. ಇಲ್ಲಿ ಬೆಳಕು ಚೆನ್ನಾಗಿದೆ, ಕೈ ಸ್ಪಷ್ಟ ಕಾಣುತ್ತೆ ಅಂತ."

"ನಂಬರ್ ಬದಲಾಯಿಸಿಲ್ಲ. ಯಂತ್ರ ಜಾಗ ಗುರುತಿಸೋದು ನಂಬರಿನಿಂದಲೇ. ಅದರ ಲೆಕ್ಕದಲ್ಲಿ ಇದು ಇನ್ನೂ ಗ್ರಂಥಾಲಯದಲ್ಲೇ ಇದೆ."

ಅಕ್ಕ ಕಪ್ಪು ಕನ್ನಡಕ ತೆಗೆದು ಚೀಟಿ ನೋಡಿದರು.

"ಮರೆತೆ. ಇದು ನನ್ನ ತಪ್ಪು ಗವಿ. ನಿನ್ನದರ ಜೊತೆ ಇದನ್ನೂ ಬರೆದಿಡು" ಅಂದರು. ಅವರ ಮುಖ ಸಣ್ಣದಾಗಿತ್ತು. ಗುರುವಿನ ಮುಖ ಹಾಗಾದದ್ದನ್ನು ಅವನು ಹಿಂದೆ ಕಂಡಿರಲಿಲ್ಲ.

"ನೀವು ಬೆಳಕು ನೋಡಿ ಇಟ್ಟಿರಿ ಅಕ್ಕಾ. ನಾನು ಕಣ್ಣು ಬಿಟ್ಟೇ ನೋಡಲಿಲ್ಲ."

ಕಂಪ್ಯೂಟರಿನ ನಂಬರನ್ನು ಹೊಲಿಗೆ ಶಾಲೆಯದಕ್ಕೆ ಬದಲಿಸಿದ. ಅಷ್ಟೇ ಕೆಲಸ. ಮೂರು ನಿಮಿಷ ಹಿಡಿಯಿತು. ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ.

"ಆ ಅಂಗೈ ಪುಟ ತೆಗೀತೀನಿ. ತಡೆದಾಗ ಏನು ತೋರಿಸಲಿ?"

"ತಡೆದವರು ಯಾರು?"

"ನಾನು."

"ನಿನ್ನ ಮುಖ ಹಾಕು. ಬಂದು ಕೇಳೋಕೆ ಒಂದು ಮುಖ ಬೇಕಲ್ಲ."

ಗವಿಸಿದ್ದ ಕುರ್ಚಿ ಬಿಟ್ಟು ಎದ್ದು, ಹುಲಿಗೆಮ್ಮನಿಗೆ ಬಾ ಅಂತ ಕೈ ಮಾಡಿದ. ಅವಳು ಬಂದು ಕೂತಳು. ಚೀಲ ತೊಡೆಯ ಮೇಲೆಯೇ ಇತ್ತು. ಬೆರಳು ಗುಂಡಿಯ ಮೇಲಿಟ್ಟು ತಡೆದಳು. ಮೊದಲ ಸಲ ಅವಳಿಗೆ ಒತ್ತಲು ಹೆದರಿಕೆಯಾಯಿತು.

ಐದು ಗಂಟೆ ಐದು ನಿಮಿಷ.

ಒತ್ತಿದಳು.

ಆ ಕಡೆ ಯಾರೂ ಎತ್ತಲಿಲ್ಲ. ಮೂರರ ಹೊತ್ತು ದಾಟಿ ಹೋಗಿತ್ತಲ್ಲ. ಹುಲಿಗೆಮ್ಮ ಗವಿಸಿದ್ದನ ಕಡೆ ನೋಡಿದಳು. ಇನ್ನೊಮ್ಮೆ ಒತ್ತು ಅಂತ ಅವನು ಬೆರಳಾಡಿಸಿದ. ಒತ್ತಿದಳು.

ತೆರೆ ಬೆಳಗಿತು. ಒಬ್ಬ ಮುದುಕಿಯ ಮುಖ, ತೀರಾ ಹತ್ತಿರದಲ್ಲಿ, ಬರೀ ಹಣೆ ಮತ್ತು ಕುಂಕುಮ. ಫೋನು ಅಲ್ಲಾಡಿತು. ಆಮೇಲೆ ಪೂರ್ತಿ ಮುಖ ಕಂಡಿತು. ಅತ್ತೆ. ಅವಳ ಬಾಯಿ ಬಡಬಡ ಆಡುತ್ತಿತ್ತು. ಸೊಸೆಗೆ ಕೇಳದು ಅನ್ನುವುದು ನೆನಪಾಗಿ ಬಾಯಿ ಮುಚ್ಚಿ, ಕೈ ಎತ್ತಿದಳು. ಎಲ್ಲಿಗೆ ಹೋಗಿದ್ದೆ ಅಂತ ಬೆರಳು ತಿರುಗಿಸಿದಳು. ಮೂರು ಬೆರಳು ತೋರಿಸಿದಳು. ಫೋನು ಹಿಡಿದು ಗೋಡೆಗೆ ಒರಗಿ ಕೂತ ಹಾಗೆ ಮಾಡಿ ತೋರಿಸಿದಳು. ಬೆರಳುಗಳನ್ನು ಒಂದೊಂದೇ ಮಡಿಸಿ, ಹತ್ತು ದಿನ.

ಆ ಕಡೆಯೂ ದಿನವೂ ಮೂರು ಗಂಟೆಗೆ ಕಾದಿದ್ದರು.

ಅತ್ತೆ ಐದು ಬೆರಳು ಸೇರಿಸಿ ಬಾಯಿಯ ಹತ್ತಿರ ತಂದಳು. ಊಟ ಮಾಡಿದೆಯಾ?

ಹುಲಿಗೆಮ್ಮ ಹೌದು ಅಂತ ತಲೆಯಾಡಿಸಿದಳು. ಇಲ್ಲ ಅಂತಲೂ ಆಡಿಸಿದಳು.

ಮಗು ಅಜ್ಜಿಯ ಬೆನ್ನ ಹಿಂದೆ ಅವಿತುಕೊಂಡಿತ್ತು. ಅಜ್ಜಿ ಎಳೆದು ಮುಂದೆ ಕೂರಿಸಿದರೆ ಮುಖ ತಿರುಗಿಸಿತು. ಸಿಟ್ಟು. ಹುಲಿಗೆಮ್ಮ ಕೈ ಚಾಚಿ ತೆರೆಯನ್ನು ಮುಟ್ಟಿದಳು. ಮಗು ಓರೆಗಣ್ಣಿನಲ್ಲಿ ನೋಡಿತು. ಇನ್ನೊಮ್ಮೆ ನೋಡಿತು. ಆಮೇಲೆ ತನ್ನ ಪುಟ್ಟ ಕೈ ಎತ್ತಿ ಮೂಗಿನ ಪಕ್ಕ, ಮೂಗುತಿಯ ಜಾಗವನ್ನು ಮುಟ್ಟಿಕೊಂಡಿತು.

ಹುಲಿಗೆಮ್ಮನ ಮೂಗಿನಲ್ಲಿ ಬಿಳಿ ಹರಳಿನ ಮೂಗುತಿ ಇತ್ತು. ಅವರ ಮನೆಯ ಕೈಮಾತಿನಲ್ಲಿ ಅವ್ವ ಅಂದರೆ ಅದೇ.

ಅವಳ ತೊಡೆಯ ಮೇಲಿದ್ದ ಚೀಲ ಜಾರಿ ನೆಲಕ್ಕೆ ಬಿತ್ತು. ಎರಡು ಕೈಗಳೂ ಮೇಲೆದ್ದವು. ತೆರೆಯ ಆಚೆ ಪುಟ್ಟ ಕೈಗಳೂ ಎದ್ದವು. ಆಮೇಲೆ ಆ ನಾಲ್ಕು ಕೈಗಳು ಆಡಿದ ಮಾತಿಗೆ ಕೊನೆಯೇ ಇರಲಿಲ್ಲ. ರಸ್ತೆಯಲ್ಲಿ ಐದೂವರೆಯ ಬಸ್ಸು ಹಾರನ್ ಹೊಡೆದು ಹೋಯಿತು. ಅಲ್ಲಿದ್ದವರಲ್ಲಿ ಅದು ಕೇಳಿಸಿದ್ದು ಇಬ್ಬರಿಗೆ ಮಾತ್ರ.

ಬಾಗಿಲ ಹೊರಗೆ ನಿಂತು ಗವಿಸಿದ್ದ ಕಣ್ಣೊರೆಸಿಕೊಂಡ. ಒಳಗೆ ಬಾಗಿ ನೋಡಿದ. ಹುಲಿಗೆಮ್ಮ ಅಳುತ್ತಾ ನಗುತ್ತಾ ಏನೋ ದೊಡ್ಡ ಕಥೆ ಹೇಳುತ್ತಿದ್ದಳು.

"ಏನು ಮಾತಾಡ್ತಿದ್ದಾರೆ ಅಕ್ಕಾ?" ಅಂತ ಕೇಳಿದ.

"ನಮಗೆ ಹೇಳ್ತಿರೋದಲ್ಲ ಅದು" ಅಂದರು ಅಕ್ಕ. "ಬಾಗಿಲು ಮುಂದೆ ಮಾಡಿ ಬಾ."